‘ಬೇಗ ಇಳಿಸಿ’ ಅಂದಾಗ ಏನು ಮಾಡಬೇಕು: ಸಣ್ಣ ವಿಮಾನ ಕಲಿಯುವವರಿಗೆ ಹಂತ ಹಂತದ ಸಮಗ್ರ ಮಾರ್ಗದರ್ಶಿ

ಇನ್‌ಸ್ಟ್ರಕ್ಟರ್ ಪಕ್ಕದಲ್ಲಿದ್ದಾಗ ಒಪ್ಪವಾಗಿ ಇಳಿಸುವವರು ವಿಮಾನ ನಿಲ್ದಾಣದ ಟವರ್‌ನಿಂದ ‘ಎಕ್ಸ್‌ಪೆಡೈಟ್’ (ಬೇಗ ಮಾಡಿ) ಎಂಬ ಒಂದು ಮಾತು ಬಂದರೆ ಸಾಕು, ಕಲಿತದ್ದನ್ನೆಲ್ಲ ಕೈಬಿಡುತ್ತಾರೆ. ಚಿಕ್ಕಬಳ್ಳಾಪುರದಲ್ಲಿ ನಾನು ವಾರಾಂತ್ಯಕ್ಕೆ ನಡೆಸುವ ಗ್ರೌಂಡ್ ಕ್ಲಾಸಿಗೆ ಶಿಡ್ಲಘಟ್ಟ, ಗೌರಿಬಿದನೂರು, ಮಾಲೂರು, ಶಿರಾ ಕಡೆಯಿಂದ ಕಲಿಕಾರ್ಥಿಗಳು ಬರುತ್ತಾರೆ. ಬೇರೆ ಬೇರೆ ಕಡೆ ಹಾರಾಟ ಕಲಿಯುತ್ತಿದ್ದರೂ ಎಲ್ಲರೂ ಎಡವುವುದು ಇದೊಂದೇ ಜಾಗದಲ್ಲಿ. ಹಿಂದೆ ವೇಗದ ವಿಮಾನ ಬರುತ್ತಿದೆ ಅಂದ ಕೂಡಲೇ ಮೂಗು ಕೆಳಗೆ, ವೇಗ ಮೇಲೆ, ಇಳಿಯುವ ಮುನ್ನಿನ ಚೆಕ್ ಅರ್ಧಕ್ಕೆ, ಕೊನೆಗೆ ರನ್‌ವೇ ಅರ್ಧ ಮುಗಿದರೂ ಚಕ್ರ ನೆಲ ಮುಟ್ಟಿರುವುದಿಲ್ಲ.

ಇಲ್ಲಿ ಕೊಟ್ಟಿರುವ ವೇಗದ ಅಂಕಿಗಳು ಸೆಸ್ನಾ 172ಎಸ್ ವಿಮಾನದವು. ನೀವು ಬೇರೆ ವಿಮಾನ ಹಾರಿಸುತ್ತಿದ್ದರೆ ಕ್ರಮ ಇದೇ ಇರಲಿ, ಅಂಕಿಗಳನ್ನು ನಿಮ್ಮ ವಿಮಾನದ ಕೈಪಿಡಿಯಿಂದ ತೆಗೆದುಕೊಳ್ಳಿ. ನಿಮ್ಮ ಇನ್‌ಸ್ಟ್ರಕ್ಟರ್ ಹೇಳಿದ್ದಕ್ಕೂ ಇದಕ್ಕೂ ವ್ಯತ್ಯಾಸ ಕಂಡರೆ ಅವರನ್ನೇ ಕೇಳಿ ಬಗೆಹರಿಸಿಕೊಳ್ಳಿ.

ಮೊದಲು ಒಂದು ಲೆಕ್ಕ

ಫೈನಲ್‌ನಲ್ಲಿ, ಅಂದರೆ ರನ್‌ವೇಗೆ ನೇರವಾಗಿ ಇಳಿಯುತ್ತಾ ಬರುವ ಕೊನೆಯ ದಾರಿಯಲ್ಲಿ, ಇನ್ನು 2 ನಾಟಿಕಲ್ ಮೈಲಿ ಇದೆ ಅನ್ನಿ. ಗಾಳಿ ಇಲ್ಲ. 65 ನಾಟ್‌ನಲ್ಲಿ (ಗಂಟೆಗೆ 65 ನಾಟಿಕಲ್ ಮೈಲಿ) ಬಂದರೆ ಆ ದೂರಕ್ಕೆ ಸುಮಾರು 111 ಸೆಕೆಂಡು. ಅವಸರಪಟ್ಟು 80 ನಾಟ್‌ನಲ್ಲಿ ಬಂದರೆ 90 ಸೆಕೆಂಡು. ಉಳಿದದ್ದು ಇಪ್ಪತ್ತೊಂದು ಸೆಕೆಂಡು.

ಚಲನಶಕ್ತಿ ವೇಗದ ವರ್ಗದ ಪ್ರಕಾರ ಏರುತ್ತದೆ. ಹಾಗಾಗಿ 80 ನಾಟ್‌ನಲ್ಲಿ ಬರುವ ವಿಮಾನದಲ್ಲಿ 65 ನಾಟ್‌ಗಿಂತ ಒಂದೂವರೆ ಪಟ್ಟು ಶಕ್ತಿ ಇರುತ್ತದೆ. ಅದನ್ನೆಲ್ಲ ರನ್‌ವೇ ಮೇಲೆ ತೇಲಿ, ಬ್ರೇಕ್ ಸವೆಸಿ ಕರಗಿಸಬೇಕು. ಉಳಿಸಿದ ಇಪ್ಪತ್ತೊಂದು ಸೆಕೆಂಡಿನಲ್ಲಿ ಬಹುಪಾಲು ಅಲ್ಲೇ ವಾಪಸ್ ಹೋಗುತ್ತದೆ, ಹಿಂದಿನ ವಿಮಾನ ಕಾಯುವುದೂ ತಪ್ಪುವುದಿಲ್ಲ. ಈ ಲೆಕ್ಕವನ್ನು ನಿಮ್ಮ ಕೈಯಾರೆ ಒಮ್ಮೆ ಮಾಡಿ ನೋಡಿ. ಮುಂದಿನ ಹಂತಗಳೆಲ್ಲ ನಿಂತಿರುವುದು ಇದರ ಮೇಲೆ.

ಬೇಕಾದ ಸಾಮಾನು

ವಿಮಾನದ ಕೈಪಿಡಿ. ತೊಡೆಗೆ ಕಟ್ಟಿಕೊಳ್ಳುವ ನೀ-ಬೋರ್ಡ್. ಅಂಗೈ ಅಗಲದ ಒಂದು ರಟ್ಟಿನ ಕಾರ್ಡು, ದಪ್ಪ ಕಪ್ಪು ಪೆನ್ನು. ಸೆಕೆಂಡ್ ಮುಳ್ಳಿರುವ ಕೈಗಡಿಯಾರ. ಮನೆ ಅಭ್ಯಾಸಕ್ಕೆ ಒಂದು ಕುರ್ಚಿ, ಸೀಮೆಸುಣ್ಣ, ಮುಲಾಜಿಲ್ಲದೆ ಕಾಟ ಕೊಡಬಲ್ಲ ಒಬ್ಬ ಗೆಳೆಯ ಅಥವಾ ಗೆಳತಿ.

ಹಂತ 1: ಒತ್ತಡ ಎಲ್ಲಿಂದ ಬರುತ್ತದೆಂದು ನೆಲದ ಮೇಲೇ ಬರೆದುಕೊಳ್ಳಿ

ಟವರ್ ಅವಸರ ಮಾಡುವುದು ಕಣ್ಣಿಗೆ ಕಾಣುವ ಒತ್ತಡ. ಕಾಣದ್ದೇ ಹೆಚ್ಚು. ದುಡ್ಡಿನದನ್ನು ಮೊದಲು ಹೇಳುತ್ತೇನೆ, ಏಕೆಂದರೆ ಯಾರೂ ಬಾಯಿಬಿಟ್ಟು ಹೇಳದ ಒತ್ತಡ ಅದು. ಅಪ್ಪ ರೇಷ್ಮೆಗೂಡು ಮಾರಿಯೋ, ಟೊಮೆಟೊ ಬೆಲೆ ಏರಿದ ವರ್ಷದ ದುಡ್ಡು ಎತ್ತಿಟ್ಟೋ, ತೋಟದ ಪತ್ರ ಬ್ಯಾಂಕಿನಲ್ಲಿಟ್ಟೋ ಫೀಸು ಕಟ್ಟಿರುತ್ತಾರೆ. ಹಾರಾಟಕ್ಕೆ ಗಂಟೆ ಲೆಕ್ಕದಲ್ಲಿ ದುಡ್ಡು. ಇನ್ನೊಂದು ಸುತ್ತು ಹಾಕಿದರೆ ಆರೇಳು ನಿಮಿಷ ಹೆಚ್ಚು ಅನ್ನುವುದು ತಲೆಯ ಹಿಂದೆ ಕೊರೆಯುತ್ತಲೇ ಇರುತ್ತದೆ. ಆ ಆರೇಳು ನಿಮಿಷದ ದುಡ್ಡನ್ನು ತಿಂಗಳ ಖರ್ಚಿನಲ್ಲಿ ಮೊದಲೇ ಸೇರಿಸಿಬಿಡಿ. ಮನೆಯವರಿಗೂ ತಿಳಿಸಿಡಿ. ಎತ್ತಿಟ್ಟ ದುಡ್ಡು ಖರ್ಚಾದರೆ ಯಾರಿಗೂ ನೋವಾಗುವುದಿಲ್ಲ.

ಎರಡನೆಯದು ಹವಾಮಾನ. ಡಿಸೆಂಬರ್, ಜನವರಿಯಲ್ಲಿ ನಂದಿ ಬೆಟ್ಟದ ಸುತ್ತಿನ ಬಯಲಲ್ಲಿ ಬೆಳಗಿನ ಮಂಜು ಕರಗುವವರೆಗೂ ಕಾದು, ತಡವಾಗಿ ಹೊರಟು, ಆ ತಡವನ್ನು ಇಳಿಯುವಾಗ ಸರಿದೂಗಿಸಲು ನೋಡುತ್ತಾರೆ. ಏಪ್ರಿಲ್, ಮೇ ಮಧ್ಯಾಹ್ನಗಳಲ್ಲಿ ಗುಡುಗು ಮೋಡ ಕಟ್ಟುವುದನ್ನು ಕಂಡು, ಅದು ಬರುವ ಮೊದಲು ಇಳಿದುಬಿಡೋಣ ಅನ್ನಿಸುತ್ತದೆ. ಸಂಜೆಯಾದರೆ ಸೂರ್ಯನ ಜೊತೆ ಪಂದ್ಯ. ಇದಕ್ಕೆಲ್ಲ ಪರಿಹಾರ ಹೊರಡುವ ಮುನ್ನವೇ ಇದೆ: ‘ಇಷ್ಟು ಗಂಟೆಗೆ ವಾಪಸ್ ತಿರುಗುತ್ತೇನೆ’ ಎಂಬ ಸಮಯವನ್ನು ಕಾರ್ಡಿನ ಮೇಲೆ ಬರೆಯಿರಿ.

ಮೂರನೆಯದು ಇಂಧನ. ಎರಡು ಸಲ ಗೋ-ಅರೌಂಡ್ ಮಾಡಿ (ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರಿ), ಆಮೇಲೂ ಬೇರೆ ರನ್‌ವೇಗೆ ಹೋಗಿ ಇಳಿದು, ಮೀಸಲು ಮುಟ್ಟದೆ ಉಳಿಯುವಷ್ಟು ಇಂಧನ ಇಟ್ಟುಕೊಂಡೇ ಹೊರಡಿ. ಟ್ಯಾಂಕ್‌ನಲ್ಲಿ ಇಂಧನ ಇಲ್ಲದವನಿಗೆ ಗೋ-ಅರೌಂಡ್ ಎಂಬ ದಾರಿ ಬಾಯಿಮಾತಿಗಷ್ಟೇ ಉಳಿಯುತ್ತದೆ.

ಲೈಸೆನ್ಸ್ ಆದಮೇಲೆ ನೆಂಟರನ್ನು ಕೂರಿಸಿಕೊಂಡು ಹೋಗುವವರಿಗೆ ಒಂದು ಮಾತು. ‘ಮುಹೂರ್ತ ಮೀರುತ್ತೆ, ಬೇಗ ಇಳಿಸಪ್ಪ’ ಅಂತ ಹಿಂದಿನ ಸೀಟಿನಿಂದ ಮಾವ ಹೇಳುತ್ತಾರೆ. ಎಂಜಿನ್ ಶುರು ಮಾಡುವ ಮೊದಲೇ ಹೇಳಿಡಿ: ‘ಮಾವ, ಇಳಿಯೋ ಟೈಮಲ್ಲಿ ನಾನು ಮಾತಾಡಲ್ಲ. ಬೇರೆ ವಿಮಾನ ಕಂಡರೆ ಮಾತ್ರ ಕೈ ಮಾಡಿ ತೋರಿಸಿ.’ ಅವರಿಗೊಂದು ಕೆಲಸ ಸಿಕ್ಕಂತಾಯಿತು, ನಿಮಗೂ ನೆಮ್ಮದಿ.

ಹಂತ 2: ಕಾರ್ಡು ಬರೆಯಿರಿ

ರಟ್ಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಐದೇ ಸಾಲು:

ಫೈನಲ್ ವೇಗ 65 ನಾಟ್. ಹತ್ತು ಹೆಚ್ಚಾದರೆ ಬೇಡ, ಐದು ಕಡಿಮೆಯಾದರೆ ಬೇಡ.
ತಿರುವಿನಲ್ಲಿ ವಾಲು 30 ಡಿಗ್ರಿ, ಮೀರುವಂತಿಲ್ಲ.
500 ಅಡಿಗೆ ಎಲ್ಲ ಸರಿಯಿರಬೇಕು, ಇಲ್ಲದಿದ್ದರೆ ಮೇಲಕ್ಕೆ.
ರನ್‌ವೇಯ ಮೊದಲ ಮೂರನೇ ಒಂದು ಭಾಗದಲ್ಲಿ ಚಕ್ರ ಮುಟ್ಟಬೇಕು, ಇಲ್ಲದಿದ್ದರೆ ಮೇಲಕ್ಕೆ.
ಎರಡು ಗೋ-ಅರೌಂಡ್ ಆದಮೇಲೆ ದೂರ ಹೋಗಿ ನೇರವಾಗಿ ಹಾರುತ್ತಾ ಯೋಚಿಸು.

ನಮ್ಮ ಕಡೆ ಹಾರುವವರು ಎತ್ತರದ ಲೆಕ್ಕ ಮರೆಯುವಂತಿಲ್ಲ. ಬೆಂಗಳೂರು, ಚಿಕ್ಕಬಳ್ಳಾಪುರದ ನೆಲವೇ ಸಮುದ್ರಮಟ್ಟಕ್ಕಿಂತ ಸುಮಾರು 3,000 ಅಡಿ ಮೇಲಿದೆ. ಬೇಸಿಗೆಯಲ್ಲಿ 32 ಡಿಗ್ರಿ ಸೆಲ್ಸಿಯಸ್ ಬಿಸಿಲಿದ್ದರೆ ವಿಮಾನಕ್ಕೆ ಅದು ಸುಮಾರು 5,700 ಅಡಿಯ ಗಾಳಿಯಂತೆ ತೆಳುವಾಗಿರುತ್ತದೆ. ವೇಗದ ಮುಳ್ಳು 65 ತೋರಿಸುತ್ತಿದ್ದರೂ ನಿಜವಾದ ವೇಗ 70–71 ನಾಟ್ ಇರುತ್ತದೆ. ನೆಲ ವೇಗವಾಗಿ ಓಡಿದಂತೆ ಕಂಡು, ಜಾಸ್ತಿ ವೇಗದಲ್ಲಿದ್ದೇನೆಂದು ಮೂಗು ಎತ್ತಬೇಡಿ. ಮುಳ್ಳನ್ನು ನಂಬಿ. ಇದೇ ತೆಳು ಗಾಳಿಯಲ್ಲಿ ಗೋ-ಅರೌಂಡ್ ಮಾಡಿದಾಗ ವಿಮಾನ ನಿಧಾನವಾಗಿ ಏರುತ್ತದೆ. ಆದ್ದರಿಂದ ನಿರ್ಧಾರ ಬೇಗ ಆಗಬೇಕು. ಈ ಎತ್ತರದಲ್ಲಿ ಮಿಕ್ಸ್ಚರ್ (ಎಂಜಿನ್ನಿನ ಇಂಧನ-ಗಾಳಿ ಪ್ರಮಾಣ ಹೊಂದಿಸುವ ಹಿಡಿ) ಎಲ್ಲಿರಬೇಕೆಂದು ಕೈಪಿಡಿ ನೋಡಿ ಕಾರ್ಡಿನ ಹಿಂದೆ ಬರೆದುಕೊಳ್ಳಿ.

ಹಂತ 3: ಡೌನ್‌ವಿಂಡ್‌ನಲ್ಲೇ ಕೈಕೆಲಸ ಮುಗಿಸಿ

ಅವಸರದ ಮಾತು ಸಾಮಾನ್ಯವಾಗಿ ಬರುವುದು ಬೇಸ್ (ಡೌನ್‌ವಿಂಡ್ ಮುಗಿದ ಮೇಲೆ ಫೈನಲ್‌ಗೆ ಮುನ್ನ ಅಡ್ಡವಾಗಿ ಸಾಗುವ ಭಾಗ) ತಿರುವಿನ ಹೊತ್ತಿಗೆ. ಆಗ ನಿಮ್ಮ ಕೈಯಲ್ಲಿ ಚೆಕ್ ಬಾಕಿ ಇದ್ದರೆ ಬಿಟ್ಟುಹೋಗುವುದು ಅದೇ. ಆದ್ದರಿಂದ ಡೌನ್‌ವಿಂಡ್‌ನಲ್ಲಿ, ಅಂದರೆ ರನ್‌ವೇಗೆ ಸಮಾನಾಂತರವಾಗಿ ಸಾಗುವಾಗಲೇ ಇಂಧನ, ಮಿಕ್ಸ್ಚರ್, ಬೆಲ್ಟ್, ಲೈಟು, ಬ್ರೇಕ್ ಎಲ್ಲ ಮುಟ್ಟಿ ನೋಡಿ ಮುಗಿಸಿ. ಚೆಕ್ ನಡುವೆ ರೇಡಿಯೋ ಕರೆದರೆ, ಉತ್ತರ ಕೊಟ್ಟು ಮತ್ತೆ ಮೊದಲಿನಿಂದ ಶುರು ಮಾಡಿ. ನಡುವಿನಿಂದ ಮುಂದುವರಿಸಿದಾಗ ಒಂದು ಸಾಲು ಕಾಣೆಯಾಗುವುದನ್ನು ತರಗತಿಯಲ್ಲಿ ಮತ್ತೆ ಮತ್ತೆ ನೋಡಿದ್ದೇನೆ.

ಫ್ಲ್ಯಾಪ್ (ರೆಕ್ಕೆಯ ಹಿಂದಂಚಿನಲ್ಲಿ ಕೆಳಗಿಳಿಸುವ ಹಲಗೆ) ಇಳಿಸುವ ಮುನ್ನ ವೇಗ ನೋಡುವುದನ್ನು ಅವಸರ ಮರೆಸುತ್ತದೆ. 10 ಡಿಗ್ರಿಗೆ 110 ನಾಟ್, ಅದಕ್ಕಿಂತ ಹೆಚ್ಚಿಗೆ 85 ನಾಟ್ ಮಿತಿ. ‘ವೇಗ ಉಳಿಸಿಕೊಳ್ಳಿ’ ಎಂದು ಟವರ್ ಹೇಳಿದ ದಿನವೇ ಇದು ತಪ್ಪುವುದು.

ಹಂತ 4: ರೇಡಿಯೋದಲ್ಲಿ ಹೇಳುವ ಮಾತು ಬಾಯಿಪಾಠ ಇರಲಿ

ಹೆದ್ದಾರಿಯಲ್ಲಿ ಹಿಂದಿನ ಲಾರಿ ಹಾರ್ನ್ ಹೊಡೆದ ಕೂಡಲೇ ಬೈಕಿನವರು ಯೋಚಿಸದೆ ಮಣ್ಣಿನ ಅಂಚಿಗೆ ಇಳಿಯುತ್ತಾರಲ್ಲ, ಟವರ್ ಮಾತಿಗೆ ಕಲಿಕಾರ್ಥಿಗಳು ಹಾಗೇ ನಡೆದುಕೊಳ್ಳುತ್ತಾರೆ. ಟವರ್‌ನಲ್ಲಿ ಕೂತವರಿಗೆ ನಿಮ್ಮ ವೇಗದ ಮುಳ್ಳು ಕಾಣುವುದಿಲ್ಲ, ನಿಮ್ಮ ಕೈ ನಡುಗುವುದೂ ಕಾಣುವುದಿಲ್ಲ. ಅವರಿಗೆ ಕಾಣುವುದು ಎರಡು ವಿಮಾನ, ಒಂದು ರನ್‌ವೇ. ಅವರು ಕೇಳುವುದು ಅವರ ಕೆಲಸ. ಆಗುತ್ತದೋ ಇಲ್ಲವೋ ಹೇಳುವುದು ನಿಮ್ಮದು. ವಿಮಾನದ ವಿಷಯದಲ್ಲಿ ಕೊನೆಯ ತೀರ್ಮಾನ ಪೈಲಟ್-ಇನ್-ಕಮಾಂಡ್‌ನದು (ವಿಮಾನದ ಹೊಣೆ ಹೊತ್ತ ಪೈಲಟ್‌ನದು) ಎಂದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಅನುಬಂಧ 2 ಸ್ಪಷ್ಟವಾಗಿಯೇ ಹೇಳಿದೆ. ಸೋಲೋ, ಅಂದರೆ ಒಬ್ಬರೇ ಹೋದ ಕಲಿಕಾರ್ಥಿಯೂ ಆ ಹೊತ್ತಿಗೆ ಪೈಲಟ್-ಇನ್-ಕಮಾಂಡ್.

ಇದಕ್ಕೆಂದೇ ಒಂದು ಪದ ಇದೆ: ‘ಅನೇಬಲ್’. ಇದರಲ್ಲಿ ಒರಟುತನವಿಲ್ಲ, ಎದುರುತ್ತರವೂ ಅಲ್ಲ. ‘ನನ್ನಿಂದ ಆಗದು’ ಎಂದು ತಿಳಿಸುವ, ಎಲ್ಲ ದೇಶದ ಟವರ್‌ಗೂ ಗೊತ್ತಿರುವ ಅಧಿಕೃತ ಪದ. ದೊಡ್ಡವರಿಗೆ ‘ಆಗಲ್ಲ ಸರ್’ ಅನ್ನಲು ನಮ್ಮ ಮಕ್ಕಳಿಗೆ ನಾಲಿಗೆ ಏಳುವುದಿಲ್ಲ. ಹಾಗಾಗಿ ಇದನ್ನು ನೆಲದ ಮೇಲೆ ಗಟ್ಟಿಯಾಗಿ ಹೇಳಿ ರೂಢಿ ಮಾಡಿಕೊಳ್ಳಬೇಕು. ಕೇಳಿಬರುವ ಮಾತು, ಕೊಡಬೇಕಾದ ಉತ್ತರ ಹೀಗಿವೆ.

‘ಎಕ್ಸ್‌ಪೆಡೈಟ್ ಅಪ್ರೋಚ್’: ನಿಮಗೆ ಆಗುವುದಾದರೆ ಬೇಸ್‌ಗೆ ತಡಮಾಡದೆ ತಿರುಗಿ, ಅಷ್ಟೇ. ಫೈನಲ್ ವೇಗ ಬದಲಾಗಬಾರದು. ಆಗದಿದ್ದರೆ ‘ಅನೇಬಲ್, ಸ್ಟೂಡೆಂಟ್ ಸೋಲೋ’ ಅನ್ನಿ.

‘ಕೀಪ್ ಸ್ಪೀಡ್ ಅಪ್’ (ವೇಗ ಉಳಿಸಿಕೊಳ್ಳಿ): ಅನುಭವ ಇದ್ದವರು ಫ್ಲ್ಯಾಪ್ ಇಲ್ಲದೆ 90 ನಾಟ್‌ನಲ್ಲಿ ರನ್‌ವೇಗೆ 3 ನಾಟಿಕಲ್ ಮೈಲಿ ಉಳಿಯುವವರೆಗೆ, ಅಂದರೆ ನೆಲದಿಂದ ಸುಮಾರು 950 ಅಡಿವರೆಗೆ ಬಂದು ಅಲ್ಲಿಂದ ವೇಗ ಇಳಿಸಬಹುದು. ಇದನ್ನು ಇನ್‌ಸ್ಟ್ರಕ್ಟರ್ ಜೊತೆ ಮಾಡಿ ನೋಡದವರು ಒಪ್ಪಿಕೊಳ್ಳುವುದೇ ಬೇಡ.

‘ಮೇಕ್ ಶಾರ್ಟ್ ಅಪ್ರೋಚ್’: ಅಂದರೆ ಬೇಸ್ ಚಿಕ್ಕದು, ಫೈನಲ್ ಗಿಡ್ಡ. ಎಲ್ಲ ಕೆಲಸ ಅರ್ಧ ಸಮಯದಲ್ಲಿ. ಸೋಲೋ ಕಲಿಕಾರ್ಥಿಗೆ ನನ್ನ ಸಲಹೆ ಒಂದೇ: ‘ಅನೇಬಲ್, ರಿಕ್ವೆಸ್ಟ್ ಎಕ್ಸ್‌ಟೆಂಡ್ ಡೌನ್‌ವಿಂಡ್’ (ಆಗದು, ಡೌನ್‌ವಿಂಡ್‌ನಲ್ಲೇ ಇನ್ನೂ ಮುಂದೆ ಹೋಗಲು ಬಿಡಿ). ಹಿಂದಿನವರನ್ನು ಮೊದಲು ಇಳಿಯಲು ಬಿಟ್ಟು ನೀವು ಎರಡನೆಯವರಾಗಿ.

‘ಮೇಕ್ ಅ ತ್ರೀ-ಸಿಕ್ಸ್‌ಟಿ’: ಫೈನಲ್‌ನಲ್ಲಿ, ಕೆಳಗೆ, ಫ್ಲ್ಯಾಪ್ ಇಳಿಸಿಕೊಂಡು ಪೂರ್ತಿ ಸುತ್ತು ಹಾಕುವುದು ಅಪಾಯ. ‘ಅನೇಬಲ್, ಗೋಯಿಂಗ್ ಅರೌಂಡ್’ ಅನ್ನಿ.

ಗಾಳಿ ಬೆನ್ನಿಗಿದ್ದರೂ ಹತ್ತಿರದ ರನ್‌ವೇ ತುದಿ ಕೊಡುತ್ತೇವೆ ಅಂದರೆ: ಬೇಗ ಆಗುತ್ತದೆಂದು ಆಸೆಪಡಬೇಡಿ. 172ಎಸ್ ಕೈಪಿಡಿಯ ಪ್ರಕಾರ ಬೆನ್ನುಗಾಳಿ ಪ್ರತಿ 2 ನಾಟ್‌ಗೆ ಇಳಿಯುವ ದೂರ 10 ಶೇಕಡಾ ಹೆಚ್ಚುತ್ತದೆ. 6 ನಾಟ್ ಗಾಳಿಗೆ 30 ಶೇಕಡಾ.

ಮಾತು ಅರ್ಥವಾಗದಿದ್ದರೆ ‘ಸೇ ಅಗೇನ್’. ಅರ್ಥವಾಗದ್ದನ್ನು ‘ರಾಜರ್’ ಅಂತ ಒಪ್ಪಿಕೊಳ್ಳುವುದು ಅವಸರದ ಮೊದಲ ಲಕ್ಷಣ. ಇಂಧನ ನಿಜಕ್ಕೂ ಕಡಿಮೆಯಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಬೇಕು. ಇನ್ನು ತಡವಾದರೆ ಕೊನೆಯ ಮೀಸಲಿಗೆ ಕೈ ಹಾಕಬೇಕಾಗುತ್ತದೆ ಅಂದಾಗ ‘ಮಿನಿಮಮ್ ಫ್ಯುಯೆಲ್’. ಮೀಸಲಿಗೆ ಕೈ ಹಾಕದೆ ಇಳಿಯಲಾಗದು ಅಂದಾಗ ‘ಮೇಡೇ, ಮೇಡೇ, ಮೇಡೇ ಫ್ಯುಯೆಲ್’. ನಾಚಿಕೆಪಟ್ಟು ಸುಮ್ಮನಿದ್ದರೆ ಟವರ್‌ಗೆ ತಿಳಿಯುವ ದಾರಿಯೇ ಇಲ್ಲ.

ಹಂತ 5: ಬೇಸ್‌ನಿಂದ ಫೈನಲ್‌ಗೆ ತಿರುವು

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ. ಅವಸರದಿಂದ ಜೀವ ಹೋಗುವ ಜಾಗ ಇದು.

ನಡೆಯುವುದು ಹೀಗೆ. ಬೇಸ್‌ನಲ್ಲಿ ವೇಗ ಹೆಚ್ಚಿರುತ್ತದೆ, ತಿರುವು ತಡವಾಗಿ ಶುರುವಾಗುತ್ತದೆ, ರನ್‌ವೇಯ ನಡುಗೆರೆ ದಾಟಿಹೋಗುತ್ತದೆ. ವಾಪಸ್ ತರಲು ವಾಲು ಹೆಚ್ಚಿಸುತ್ತಾರೆ. ಹೆಚ್ಚು ವಾಲಿಸಲು ಭಯವಾದಾಗ ಒಳಗಿನ ಕಾಲಿನಿಂದ ರಡ್ಡರ್ (ಬಾಲದ ಚುಕ್ಕಾಣಿ) ಒತ್ತಿ ಮೂಗನ್ನು ರನ್‌ವೇ ಕಡೆ ತಳ್ಳುತ್ತಾರೆ. ಮೂಗು ಕೆಳಗೆ ಹೋಗುತ್ತದೆ, ಅದನ್ನು ತಡೆಯಲು ಯೋಕ್ (ಕೈಯಲ್ಲಿ ಹಿಡಿಯುವ ಸ್ಟೀರಿಂಗ್) ಹಿಂದಕ್ಕೆ ಎಳೆಯುತ್ತಾರೆ. ಈಗ ವಿಮಾನ ಜಾರುತ್ತಾ, ಮೂಗೆತ್ತಿಕೊಂಡು, ಸ್ಟಾಲ್ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದು) ಅಂಚಿನಲ್ಲಿದೆ. ಒಳಗಿನ ರೆಕ್ಕೆ ಮೊದಲು ಸ್ಟಾಲ್ ಆಗಿ ಗಿರಕಿ ಶುರುವಾದರೆ ಸರಿಪಡಿಸುವಷ್ಟು ಎತ್ತರ ಅಲ್ಲಿ ಇರುವುದಿಲ್ಲ.

ಅಂಕಿಯಲ್ಲೇ ನೋಡಿ. ಫ್ಲ್ಯಾಪ್ ಇಲ್ಲದೆ, ಪೂರ್ತಿ ತೂಕದಲ್ಲಿ 172ಎಸ್ ಸ್ಟಾಲ್ ಆಗುವುದು 48 ನಾಟ್‌ಗೆ. ಎತ್ತರ ಬಿಡದೆ 45 ಡಿಗ್ರಿ ವಾಲಿಸಿ ತಿರುಗಿದರೆ ಅದು 57ಕ್ಕೆ ಏರುತ್ತದೆ, 60 ಡಿಗ್ರಿಗೆ 68. ನೀವು ಬರುತ್ತಿರುವುದೇ 65ರಲ್ಲಿ.

ಮಾಡಬೇಕಾದ್ದು: ವಾಲು 30 ಡಿಗ್ರಿ ಒಳಗೆ, ಜಾರುವುದನ್ನು ತೋರಿಸುವ ಮಾಪಕದ ಚೆಂಡು ನಡುವೆ. ಅಷ್ಟರಲ್ಲಿ ನಡುಗೆರೆ ಸಿಗದೆ ದಾಟಿದರೆ ದಾಟಲಿ. ರೆಕ್ಕೆ ಸಮ ಮಾಡಿ, ಗೋ-ಅರೌಂಡ್ ಮಾಡಿ. ನಡುಗೆರೆಯನ್ನು ಎಳೆದು ಹಿಡಿಯುವ ಕೆಲಸ ಬೇಡವೇ ಬೇಡ.

ಹಂತ 6: 500 ಅಡಿಯ ಬಾಗಿಲು

ನೆಲದಿಂದ 500 ಅಡಿ ಇದ್ದಾಗ, ಅಂದರೆ ರನ್‌ವೇಗೆ ಸುಮಾರು ಒಂದೂವರೆ ನಾಟಿಕಲ್ ಮೈಲಿ ಇದ್ದಾಗ, ಬಾಯಿಬಿಟ್ಟು ಹೇಳಿ: ‘ವೇಗ, ದಾರಿ, ಇಳಿತ, ಚೆಕ್’. ವೇಗ ಕಾರ್ಡಿನ ಮಿತಿಯಲ್ಲಿದೆಯೇ? ನಡುಗೆರೆ ಮೇಲಿದ್ದೀರಾ? ನಿಮಿಷಕ್ಕೆ ಸುಮಾರು 325 ಅಡಿ ಇಳಿಯುತ್ತಿದ್ದೀರಾ? ನೆಲದ ವೇಗವನ್ನು ಐದರಿಂದ ಗುಣಿಸಿದರೆ ಮೂರು ಡಿಗ್ರಿ ದಾರಿಗೆ ಬೇಕಾದ ಇಳಿತ ಸಿಗುತ್ತದೆ. ಚೆಕ್ ಮುಗಿದಿದೆಯೇ? ನಾಲ್ಕಕ್ಕೂ ಹೌದು ಅಂದರೆ ‘ಮುಂದೆ’. ಒಂದಕ್ಕೆ ಇಲ್ಲ ಅಂದರೂ ಗೋ-ಅರೌಂಡ್.

‘ಇನ್ನೇನು ಸರಿಹೋಗುತ್ತೆ’ ಎಂಬ ಮಾತು ಮನಸ್ಸಿಗೆ ಬಂದರೆ ಅದನ್ನೇ ‘ಇಲ್ಲ’ ಎಂದು ಲೆಕ್ಕ ಹಾಕಿ. ನಮ್ಮ ರಾಜ್ಯದಲ್ಲೇ 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನ ತೀರಿಕೊಂಡ ಅಪಘಾತದ ತನಿಖೆ ಹೇಳಿದ್ದು ಇದನ್ನೇ: ಇಳಿತ ಸರಿಯಿರಲಿಲ್ಲ, ಸಹ ಪೈಲಟ್ ಮೂರು ಸಲ ‘ಗೋ ಅರೌಂಡ್’ ಅಂದರೂ ಇಳಿಸುವುದನ್ನು ಕೈಬಿಡಲಿಲ್ಲ. ಅದು ದೊಡ್ಡ ಜೆಟ್; ಆದರೆ ಸಣ್ಣ ವಿಮಾನದಲ್ಲಿ ಆ ಮೂರು ಸಲ ಹೇಳುವವರೂ ಪಕ್ಕದಲ್ಲಿ ಇರುವುದಿಲ್ಲ.

ಈ ಎತ್ತರದಲ್ಲಿ ನಿಮ್ಮ ಮೈಯನ್ನೂ ಗಮನಿಸಿ. ಯೋಕ್ ಹಿಡಿದ ಬೆರಳು ಬಿಳಿಚಿದೆಯೇ, ಉಸಿರು ಕಟ್ಟಿದೆಯೇ, ಕಣ್ಣು ರನ್‌ವೇಗೆ ಅಂಟಿಕೊಂಡು ಮುಳ್ಳಿನ ಕಡೆ ಹೋಗುತ್ತಿಲ್ಲವೇ, ರೇಡಿಯೋದಲ್ಲಿ ನಿಮ್ಮ ದನಿ ಏರಿದೆಯೇ, ಈಗಷ್ಟೇ ಟವರ್ ಹೇಳಿದ್ದು ನೆನಪಿಲ್ಲವೇ? ಎರಡು ಲಕ್ಷಣ ಒಟ್ಟಿಗೆ ಕಂಡರೆ ಮೇಲಕ್ಕೆ ಹೋಗಿ.

ಹಂತ 7: ರನ್‌ವೇ ಮೇಲೆ ತೇಲಿದಾಗ

ವೇಗ ಹೆಚ್ಚಿದ್ದರೆ ವಿಮಾನ ನೆಲ ಮುಟ್ಟದೆ ತೇಲುತ್ತದೆ. ಇಲ್ಲಿ ಮಾಡುವ ದೊಡ್ಡ ತಪ್ಪು ಯೋಕ್ ಮುಂದೆ ತಳ್ಳಿ ಬಲವಂತವಾಗಿ ಕೂರಿಸುವುದು. ಮೂಗಿನ ಚಕ್ರ ಮೊದಲು ಬಡಿದು ವಿಮಾನ ಪುಟಿಯುತ್ತದೆ, ಎರಡನೇ ಪುಟಿತ ಇನ್ನೂ ಜೋರು, ಮೂರನೆಯದಕ್ಕೆ ಪ್ರೊಪೆಲ್ಲರ್ ನೆಲಕ್ಕೆ ತಾಗಬಹುದು. ಒಮ್ಮೆ ಜೋರಾಗಿ ಪುಟಿದರೆ ಅಲ್ಲಿಗೇ ಗೋ-ಅರೌಂಡ್.

ಮೊದಲ ಮೂರನೇ ಒಂದು ಭಾಗ ಎಲ್ಲಿ ಮುಗಿಯುತ್ತದೆಂದು ಹೊರಡುವ ಮುನ್ನವೇ ಗುರುತು ಮಾಡಿಕೊಳ್ಳಿ: ಟ್ಯಾಕ್ಸಿವೇ, ಬೋರ್ಡು, ಗಾಳಿಚೀಲ, ಯಾವುದಾದರೂ ಸರಿ.

ಇಳಿಯಲು ಅನುಮತಿ ಬಂದಿಲ್ಲ, ಅಥವಾ ಮುಂದಿನ ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ಲ ಅಂದರೆ ‘ಅಷ್ಟರಲ್ಲಿ ಹೋಗ್ತಾರೆ’ ಎಂದು ಕಾಯಬೇಡಿ, ಗೋ-ಅರೌಂಡ್ ಮಾಡಿ.

ಹಂತ 8: ಗೋ-ಅರೌಂಡ್ ಕ್ರಮ

ಇದನ್ನು ನಿದ್ದೆಗಣ್ಣಿನಲ್ಲೂ ಹೇಳುವಷ್ಟು ರೂಢಿಸಿಕೊಳ್ಳಿ. ಕ್ರಮ ತಪ್ಪಬಾರದು.

1. ಥ್ರಾಟಲ್ ಪೂರ್ತಿ ಮುಂದೆ. ಸೆಸ್ನಾ 152 ಆದರೆ ಜೊತೆಗೇ ಕಾರ್ಬ್ಯುರೇಟರ್ ಹೀಟ್ ಬಂದ್.

2. ಬಲಗಾಲಿನಿಂದ ರಡ್ಡರ್. ಮೂಗನ್ನು ತಡೆದು ಹಿಡಿಯಿರಿ. ನಿಧಾನ ವೇಗಕ್ಕೆ ಟ್ರಿಮ್ ಮಾಡಿದ್ದರಿಂದ (ಯೋಕ್ ಒತ್ತದೆಯೂ ಆ ವೇಗ ನಿಲ್ಲುವಂತೆ ಹೊಂದಿಸಿದ್ದರಿಂದ) ಶಕ್ತಿ ಕೊಟ್ಟ ಕೂಡಲೇ ಮೂಗು ತಾನಾಗಿ ಮೇಲೇಳುತ್ತದೆ. ಅದನ್ನು ಗಟ್ಟಿಯಾಗಿ ಮುಂದೆ ಒತ್ತಿ ಹಿಡಿಯದಿದ್ದರೆ ಸ್ಟಾಲ್. ಕಲಿಕಾರ್ಥಿಗಳಿಗೆ ಈ ಒತ್ತಡದ ಜೋರು ಮೊದಲ ಸಲ ಗಾಬರಿ ಹುಟ್ಟಿಸುತ್ತದೆ.

3. ಫ್ಲ್ಯಾಪ್ ಕೂಡಲೇ 20 ಡಿಗ್ರಿಗೆ. ಒಮ್ಮೆಲೇ ಸೊನ್ನೆಗೆ ತಂದರೆ ವಿಮಾನ ಕುಸಿಯುತ್ತದೆ.

4. 60 ನಾಟ್‌ನಲ್ಲಿ ಏರಿ. ಏರುತ್ತಿರುವುದು ಖಚಿತವಾದ ಮೇಲೆ ಫ್ಲ್ಯಾಪ್ 10. ಅಡೆತಡೆ ದಾಟಿ, ಸುರಕ್ಷಿತ ಎತ್ತರಕ್ಕೆ ಬಂದು, 65 ನಾಟ್ ಆದಮೇಲೆ ಸೊನ್ನೆ.

5. ಆಮೇಲೆ ರೇಡಿಯೋ: ‘ಗೋಯಿಂಗ್ ಅರೌಂಡ್’. ಇಷ್ಟು ಸಾಕು, ಕಾರಣ ಹೇಳುವ ಅಗತ್ಯವಿಲ್ಲ. ಮೊದಲು ಮೈಕ್ ಒತ್ತುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಮಾತಾಡುತ್ತಿರುವಾಗಲೇ ವೇಗ ಬಿದ್ದುಹೋಗುತ್ತದೆ.

ಎರಡು ಗೋ-ಅರೌಂಡ್ ಆದರೆ ಸರ್ಕ್ಯೂಟ್‌ನಿಂದ (ರನ್‌ವೇ ಸುತ್ತಿನ ಹಾರಾಟದ ದಾರಿಯಿಂದ) ಹೊರಗೆ ಹೋಗಲು ಅನುಮತಿ ಕೇಳಿ. ಐದು ನಿಮಿಷ ನೇರವಾಗಿ ಹಾರಿ, ಇಂಧನ ನೋಡಿ, ನೀರು ಕುಡಿದು ಮತ್ತೆ ಬನ್ನಿ.

ಹಂತ 9: ಇಳಿದ ಮೇಲಿನ ಅವಸರ

ಚಕ್ರ ಮುಟ್ಟಿದ ಕೂಡಲೇ ‘ಎಕ್ಸ್‌ಪೆಡೈಟ್ ವೆಕೇಟ್’ (ರನ್‌ವೇ ಬೇಗ ಬಿಡಿ) ಬರುತ್ತದೆ. ಮೊದಲ ಟ್ಯಾಕ್ಸಿವೇ ಹಿಡಿಯಲು ಬ್ರೇಕ್ ಮೇಲೆ ನಿಂತರೆ ಚಕ್ರ ಲಾಕ್ ಆಗಿ ಟೈರ್ ಒಂದೇ ಕಡೆ ಸವೆಯುತ್ತದೆ, ವಿಮಾನ ಪಕ್ಕಕ್ಕೆ ಎಳೆಯುತ್ತದೆ. ನಡೆಯುವ ವೇಗಕ್ಕೆ ಬರದೆ ತಿರುಗಬೇಡಿ. ಮೊದಲನೆಯದು ತಪ್ಪಿದರೆ ಮುಂದಿನದು ಸಿಗುತ್ತದೆ. ಉರುಳುತ್ತಿರುವಾಗ ಫ್ಲ್ಯಾಪ್, ಸ್ವಿಚ್ಚು ಮುಟ್ಟಬೇಡಿ. ಟ್ಯಾಕ್ಸಿವೇ ಮೇಲಿನ ಕಾಯುವ ಗೆರೆ ದಾಟಿ ನಿಂತ ಮೇಲೆ ಚೆಕ್ ಮಾಡಿ.

ಮನೆಯಲ್ಲಿ ಅಭ್ಯಾಸ

ತಾರಸಿ ಮೇಲೆ ಸೀಮೆಸುಣ್ಣದಲ್ಲಿ ರನ್‌ವೇ, ಡೌನ್‌ವಿಂಡ್, ಬೇಸ್, ಫೈನಲ್ ಬರೆಯಿರಿ. ಕಾರ್ಡು ಕೈಯಲ್ಲಿ ಹಿಡಿದು, ಪ್ರತಿ ಹಂತದ ಮಾತನ್ನು ಗಟ್ಟಿಯಾಗಿ ಹೇಳುತ್ತಾ ಗೆರೆಯ ಮೇಲೆ ನಡೆಯಿರಿ. ಗೆಳೆಯ ಟವರ್ ಆಗಲಿ. ಎಲ್ಲಿ, ಯಾವಾಗ ಅವಸರ ಮಾಡುತ್ತಾನೆಂದು ನಿಮಗೆ ಗೊತ್ತಿರಬಾರದು. ಒಮ್ಮೆ ಚೆಕ್ ನಡುವೆ, ಒಮ್ಮೆ ಫೈನಲ್ ತಿರುವಿನಲ್ಲಿ, ಒಮ್ಮೆ ಅನುಮತಿಯನ್ನೇ ಕೊಡದೆ. ನಡೆಯುವುದು ರೂಢಿಯಾದ ಮೇಲೆ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ಕೈಕಾಲು ಆಡಿಸುತ್ತಾ ಅದನ್ನೇ ಮಾಡಿ. ‘ಅನೇಬಲ್’ ಅನ್ನುವಾಗ ದನಿ ತಗ್ಗುತ್ತಿದೆಯೇ ಎಂದು ಗೆಳೆಯ ಗಮನಿಸಲಿ.

ಆಮೇಲೆ ಮುಂದಿನ ಡ್ಯುಯಲ್ ಹಾರಾಟದಲ್ಲಿ ಇನ್‌ಸ್ಟ್ರಕ್ಟರ್ ಅವರನ್ನು ಕೇಳಿಕೊಳ್ಳಿ: ‘ಸರ್, ಇವತ್ತು ಬೇಕಂತಲೇ ಅವಸರ ಮಾಡಿ. ಗೋ-ಅರೌಂಡ್ ಬೇಕೋ ಬೇಡವೋ ನಾನೇ ಹೇಳ್ತೀನಿ.’ ಸೋಲೋಗೆ ಕಳಿಸುವ ಮುನ್ನ ಇದನ್ನು ಮಾಡಿಸಲು ಹೆಚ್ಚಿನ ಇನ್‌ಸ್ಟ್ರಕ್ಟರ್‌ಗಳು ಸಂತೋಷದಿಂದ ಒಪ್ಪುತ್ತಾರೆ. ಒಂದು ಸುತ್ತು ಮಾತ್ರ ಬಿಸಿಲೇರಿದ ಮೇಲೆ ಇರಲಿ, ತೆಳು ಗಾಳಿಯಲ್ಲಿ ವಿಮಾನ ಎಷ್ಟು ನಿಧಾನ ಏರುತ್ತದೆಂದು ಅವರು ಪಕ್ಕದಲ್ಲಿರುವಾಗಲೇ ನೋಡಿಕೊಳ್ಳಬಹುದು.